ಕೊಕ್ಕಿಲ್ಲದ ಗಿಣಿ

ಹಳೇಪೇಟೆಯ ಕೊಟ್ರಮ್ಮ ಸೆರಗಲ್ಲಿ ಸುತ್ತಿ ತಂದಳು
ಸಕ್ಕರೆ ಅಚ್ಚಿನ ಮರದ ಜೋಡಿಹಲಗೆ.
"ಎಣ್ಣೆ ಹಚ್ಚಬ್ಯಾಡ, ನೀರಾಗೆ ನೆನೆಸು.
ವಾರದೊಳಗೆ ವಾಪಸ್ ಬರಬೇಕು ನೋಡವ್ವ."

ಒಳಗೆ ಆನೆ, ಮೀನು, ಬಾಳೆಗೊನೆ, ತುಳಸಿಕಟ್ಟೆ,
ಮೂಲೆಯಲ್ಲೊಂದು ಗಿಣಿ.
ನನಗೆ ಬೇಕಾದದ್ದು ಗಿಣಿ.
ನಿಟ್ಟುವಳ್ಳಿಯ ತೊಟ್ಟಿಲ ಕಾರ್ಯಕ್ಕೆ
ನೂರಾ ಇಪ್ಪತ್ತು ಗಿಣಿಸೋಪು, ಬೇವಿನ ಹಸಿರು;
ಅಡ್ವಾನ್ಸು ಆಗಲೇ ಗ್ಯಾಸಿಗೆ ಹೋಗಿತ್ತು.

ರಾತ್ರಿಯೆಲ್ಲ ನೆನೆದ ಮರಕ್ಕೆ ದಾರ ಬಿಗಿದು
ಕರಗಿದ ಮೇಣ ಹೊಯ್ದೆ.
ಬಿಡಿಸಿದರೆ ರೆಕ್ಕೆಯ ಗೀರು ಗೀರೂ ಬಂದಿತ್ತು,
ಕತ್ತಿನ ಪಟ್ಟಿ, ಕಾಲಡಿಯ ಕೊಂಬೆ.
ಮುಖ ಮಾತ್ರ ಬೋಳು.
ಟಾರ್ಚು ಹಿಡಿದು ನೋಡಿದೆ: ಕೊಕ್ಕಿನ ಗುಳಿಗೆ
ಅಡ್ಡ ಕೂತಿದೆ ತುಕ್ಕಿನ ಮೊಳೆ,
ಎಂದೋ ಸೀಳಿದ ಹಲಗೆಗೆ ಯಾರೋ ಹಾಕಿದ ಹೊಲಿಗೆ.

ಅದಕ್ಕೇನಂತೆ! ಹೇರ್‌ಪಿನ್ನು ಕಾಯಿಸಿ
ಮೇಣದ ಹನಿಯೊಂದ ಮುಖಕ್ಕಂಟಿಸಿ ಬಾಗಿಸಿದೆ.
ಹಣ್ಣು ತೋರಿಸಿದರೆ ಕಚ್ಚುವ ಹಾಗಾಯಿತು.

ಆಮೇಲೆ ಸಿಲಿಕೋನು.
ಮಿಠಾಯಿ ಡಬ್ಬಿಯ ತಳಕ್ಕೆ ಗಿಣಿಯ ನಿಲ್ಲಿಸಿ
ಅಡುಗೆಮನೆ ತಕ್ಕಡಿಯಲ್ಲಿ, ಬಂಗಾರ ತೂಗುವವಳ ಹಾಗೆ,
ನೂರು ಗ್ರಾಮಿಗೆ ಮೂರು ಗ್ರಾಮು ಹೆಪ್ಪು.
ಹೌದು, ಹೆಪ್ಪೇ ಅನ್ನುತ್ತೇನೆ:
ಹೆಚ್ಚಾದರೆ ಕಲಸುವಾಗಲೇ ಬಿಗಿದುಕೊಳ್ಳುತ್ತದೆ,
ಕಮ್ಮಿಯಾದರೆ ಮೂರು ದಿನ ಕಾದರೂ ಅಂಟು ಬಿಡದು.
ಮೊದಲ ಕೈ ಕುಂಚದಲ್ಲಿ: ಕೊಕ್ಕಿನ ಕೆಳಗೆ, ರೆಕ್ಕೆಯ ಸಂದಿಗೆ.
ಮಿಕ್ಕದ್ದು ಡಬ್ಬಿಯ ಒಂದೇ ಮೂಲೆಗೆ
ಮೊಳದೆತ್ತರದಿಂದ, ಶಾವಿಗೆಯೆಳೆಯಷ್ಟು ಸಣ್ಣಗೆ,
ಗುಳ್ಳೆಗಳು ದಾರಿಯಲ್ಲೇ ಒಡೆಯುವ ಹಾಗೆ.

ಅರ್ಧಕ್ಕೆ ಕರೆಂಟು ಹೋಯಿತು.
ನಿಲ್ಲಿಸುವಂತಿಲ್ಲ.
ಮಂಡಕ್ಕಿ ಭಟ್ಟಿಯ ಸುಟ್ಟ ವಾಸನೆ ಕಿಟಕಿಯಲ್ಲಿ,
ಸದ್ದೇ ಇಲ್ಲದ ಎರಕ, ನೋಯುವ ಮುಂಗೈ,
ಡಬ್ಬಿ ತುಂಬಿತೆಂದು ಬೆರಳಿಟ್ಟು ತಿಳಿದೆ.

ಬೆಳಗ್ಗೆ ಬ್ಲೇಡಿನಲ್ಲಿ ಬೆನ್ನ ಕೊಯ್ದೆ, ಡೊಂಕುಡೊಂಕಾಗಿ.
ನೆಟ್ಟಗೆ ಕೊಯ್ದರೆ ಎರಡು ತುಟಿ
ಮತ್ತೆ ಒಂದನ್ನೊಂದು ಗುರುತಿಸುವುದಿಲ್ಲ.

ಮೊದಲ ಸೋಪನ್ನು ಕೊಟ್ರಮ್ಮ ಬೆಳಕಿಗೆ ಹಿಡಿದಳು.
"ಇದು ಯಾರ ಗಿಣಿ?"
"ನಿಮ್ದೇ ಅಮ್ಮ, ಕೊಕ್ಕು ಸರಿಮಾಡಿದೀನಿ."
"ನಮ್ದಕ್ಕೆ ಕೊಕ್ಕೆಲ್ಲೈತೆ?"
ಮಣೆ ಎಳೆದು ಕೂತಳು.
"ಅತ್ತೆ ಕೈಯಿಂದ ಜಾರಿ ಸೀಳಿದ್ದು,
ಬೈಸಿಕೊಂಡೋಳು ನಾನು. ಮದುವೆಯಾಗಿ ಬಂದ ವರ್ಷ.
ಎಲ್ಲಾರು ಮಲಗಿದ ಮ್ಯಾಲೆ ಒಲೆ ಮುಂದೆ ಕೂತು
ಕಲ್ಲಿನಾಗೆ ಈ ಮೊಳೆ ಬಡಿದೆ.
ಅವತ್ತಿಂದ ಅದು ಬಾಯಿಬಿಟ್ಟಿಲ್ಲ.
ನಾನೂ ಯಾರಿಗೂ ಹೇಳಿಲ್ಲ."

ಸೋಪನ್ನು ಮೂಸಿ, ನನ್ನ ಕೈಗೇ ಕೊಟ್ಟು ಹೋದಳು.

ಮತ್ತೆ ಮೇಣ, ಮತ್ತೆ ದಾರ.
ಬಾಟಲಿಯಲ್ಲಿ ಉಳಿದದ್ದು ಸಾಲದು;
ಕೆಟ್ಟ ಹಳೆಯ ಅಚ್ಚುಗಳ ಸೌತೆಕಾಯಿಯಂತೆ ಹೆಚ್ಚಿ
ಗಿಣಿಯ ಸುತ್ತ ತುಂಬಿ, ಮೇಲೆ ಹೊಸ ಸಿಲಿಕೋನು ಎರೆದೆ.
ಆ ಅಚ್ಚಿನಲ್ಲಿ ತೆಗೆದದ್ದು ಒಂದೇ ಸೋಪು.
ಮರದ ಹಲಗೆಯ ಜೊತೆಗಿಟ್ಟು ಕಳಿಸಿದೆ.

ನಿಟ್ಟುವಳ್ಳಿಗೆ ನೂರಾ ಇಪ್ಪತ್ತು ಕೊಕ್ಕು
ಸರಿಯಾಗಿ ತಲುಪಿದವು, ಯಾರೂ ತಪ್ಪು ಹೇಳಲಿಲ್ಲ.
ಬಾಕಿ ದುಡ್ಡಿಗೆಂದು ವಾರ ಬಿಟ್ಟು ಹೋದವಳು
ಊಟದ ಕೈ ತೊಳೆಯಲು ಹಿತ್ತಲ ನಲ್ಲಿಗೆ ಬಗ್ಗಿದೆ.
ತಟ್ಟೆಯಲ್ಲಿ ಗಿಣಿ.
ರೆಕ್ಕೆಯ ಗೀರು ಇನ್ನೂ ಇದೆ,
ಕತ್ತಿನ ಪಟ್ಟಿ ಇದೆ,
ಕೊಕ್ಕು
ಮೊದಲ ನಾಲ್ಕು ಕೈಗೇ ಕರಗಿಹೋಗಿದೆ.