ಐದನೇ ಮೆಟ್ಟಿಲು

ಟೇಕಲ್ ರಸ್ತೆಯ ತಿರುವಿನಲ್ಲಿ ನನ್ನ ಜೆರಾಕ್ಸ್ ಅಂಗಡಿ.
ಒಂದು ಮಗ್ಗುಲಿಗೆ ಎರಡು ರೂಪಾಯಿ, ಎರಡೂ ಮಗ್ಗುಲಿಗೆ ಮೂರು.
ಪಹಣಿ, ಪಡಿತರ ಚೀಟಿ, ಸತ್ತವರ ಸರ್ಟಿಫಿಕೇಟು,
ಯಾವ ಭಾಷೆಯ ಕಾಗದವಾದರೂ ಸರಿ,
ಗಾಜಿನ ಮೇಲೆ ಬೋರಲು ಮಲಗಿಸಿದರೆ
ಮಿಷನ್ನು ಓದದೆಯೇ ಒಪ್ಪಿಸುತ್ತದೆ.

ಮೇಲಿನ ಮನೆಗೆ ಆಷಾಢದಲ್ಲಿ ಬಾಡಿಗೆಗೆ ಬಂದರು.
ಆಷಾಢದಲ್ಲಿ ಯಾರು ಬರುತ್ತಾರೆ ಹೇಳಿ! ತೈವಾನಿನವರು ಬರುತ್ತಾರೆ.
ಗಂಡ ನರಸಾಪುರದ ಫ್ಯಾಕ್ಟರಿಗೆ ಬೆಳಿಗ್ಗೆ ಹೋದರೆ ರಾತ್ರಿ.
ಹೆಂಡತಿ ಶು-ಹುಯಿ. ನನ್ನ ಬಾಯಲ್ಲಿ ಸುಯ್ಯಮ್ಮ ಆದಳು,
ತಿದ್ದಲಿಲ್ಲ.
ಮಗಳು ಯಾ-ತಿಂಗ್. ಮುಂದಿನ ಎರಡು ಹಲ್ಲಿಲ್ಲ.

ಫೋನು ಮುಂದೆ ಹಿಡಿದು ಅದರ ಬಾಯಿಂದ ಕೇಳಿಸಿದಳು:
"ಪೂಜ್ಯ ಮನೆಯೊಡತಿಯೇ, ಮಗುವಿಗೆ ಈ ನಗರದಲ್ಲಿ ಯಾವ ಶಾಲೆ ಉತ್ತಮ?"
ಈ ಮೂವತ್ತು ವರ್ಷದಲ್ಲಿ ಯಾರೂ ನನ್ನನ್ನು ಪೂಜ್ಯ ಅಂದಿರಲಿಲ್ಲ.
ಶೆಟರ್ ಎಳೆದು ಹೊರಟೆ.

ಹೆದ್ದಾರಿಯ ಶಾಲೆಯಲ್ಲಿ ಕುದುರೆ ಇತ್ತು, ನಿಜವಾದ ಕುದುರೆ.
ವಾಚ್‌ಮನ್ ನನಗೆ ನಮಸ್ಕಾರ ಅಂದ,
ನಾನು ಕಾಣದವಳಂತೆ ಕುದುರೆ ನೋಡಿದೆ.
ಗೋಡೆಯ ಮೇಲೆ ಬೋರ್ಡು:
ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ಹತ್ತು ರೂಪಾಯಿ ದಂಡ.
ಸುಯ್ಯಮ್ಮ ಫೋನೆತ್ತಿ ಬೋರ್ಡಿಗೆ ಹಿಡಿದಳು,
ಓದಿದಳು, ಮತ್ತೊಮ್ಮೆ ಹಿಡಿದಳು.
ಫೋನು ತಪ್ಪು ಹೇಳುತ್ತಿದೆ ಅಂದುಕೊಂಡಿರಬೇಕು.

ಕಾನ್ವೆಂಟಿನ ಸಿಸ್ಟರ್ ಒಳ್ಳೆಯವರು. ಸೀಟಿಲ್ಲ.

ಮೂರನೆಯದು ನಮ್ಮ ಹಿಂದಿನ ಬೀದಿಯದು, ನಾನು ಓದಿದ್ದು.
ಹೆಂಚು ಹೋಗಿ ಶೀಟು ಬಂದಿದೆ, ಹುಣಸೆಮರ ಹಾಗೇ ಇದೆ.
ತರಗತಿಯಲ್ಲಿ ಕನ್ನಡ, ಬಯಲಿಗೆ ಬಿಟ್ಟರೆ ತೆಲುಗು,
ಜಗಳಕ್ಕೆ ಎರಡೂ ಸಾಲದೆ ಉರ್ದು.
ಹೆಡ್‌ಮೇಷ್ಟ್ರು ವೆಂಕಟರವಣಪ್ಪ ಕುರ್ಚಿ ಒರೆಸಿ ಕೂರಿಸಿದರು.
"ವಯಸ್ಸೆಷ್ಟು ಪುಟ್ಟಾ?"
ಮಗು ನನ್ನ ಕಡೆ ನೋಡಿತು.

ತಿಂಗಳಿಂದ ನನ್ನ ಮೆಟ್ಟಿಲ ಮೇಲೆ
ಟೈಲರ್ ಸಾದಿಕ್‌ನ ಮಕ್ಕಳ ಜತೆ, ಹೂವಿನ ಚೌಡಮ್ಮನ ಮೊಮ್ಮಗನ ಜತೆ
ಎಣಿಸುತ್ತಾ ಹತ್ತಿದೆ, ಎಣಿಸುತ್ತಾ ಇಳಿದಿದೆ:
ಒಂದು, ರೆಂಡು, ಮೂರು, ನಾಲುಗು,
ಐದು, ಆರು.
ಕನ್ನಡದ ಕಾಲೊಂದು, ತೆಲುಗಿನ ಕಾಲೊಂದು,
ಐದಕ್ಕೆ, ಆರಕ್ಕೆ ಬಂದಾಗ ಮಾತ್ರ
ಎರಡು ಕಾಲೂ ಒಂದೇ ಮೆಟ್ಟಿಲ ಮೇಲೆ.

"ಆರು" ಅಂದಿತು.
ಯಾವ ಭಾಷೆಯಲ್ಲಿ ಅಂದಿತೆಂದು ಮೇಷ್ಟ್ರು ಕೇಳಲಿಲ್ಲ.
ಕೋಲಾರದಲ್ಲಿ ಕೇಳುವುದಿಲ್ಲ.

ಅರ್ಜಿಯಲ್ಲಿ ಮಾತ್ರ ಕೇಳುತ್ತಾರೆ. ಮಾತೃಭಾಷೆ ಅಂತ
ಹೆಬ್ಬೆರಳ ಉಗುರಿನಷ್ಟು ಒಂದು ಚೌಕ.
ನಮ್ಮವ್ವ ಬೈದದ್ದು ತೆಲುಗಿನಲ್ಲಿ, ಹಾಲಿನ ಲೆಕ್ಕ ಹೇಳಿದ್ದು ಕನ್ನಡದಲ್ಲಿ.
ಇದೇ ಚೌಕದಲ್ಲಿ ಅಪ್ಪ ಕನ್ನಡ ಅಂತ ಬರೆಸಿದ್ದ.
ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ನಾನು ಜೋರಾಗಿಯೇ ಹೊಗಳಿದೆ:
ಮನೆಗೆ ಹತ್ತಿರ, ಹೊಡೆಯೋದಿಲ್ಲ, ಬಿಸಿಯೂಟ, ಮೊಟ್ಟೆ,
ಊರ ಮಾತು ಬಂದರೆ ಊರೇ ಬಂದ ಹಾಗೆ.
ಸುಯ್ಯಮ್ಮ ಫೋನಿಗೆ ಏನೋ ಉಸುರಿದಳು.
"ಹಾಗಾದರೆ ನಿಮ್ಮ ಮೊಮ್ಮಗಳು ಇಲ್ಲಿ ಯಾವ ತರಗತಿ?"

ಫೋನಿನ ದನಿಗೆ ಏರಿಳಿತವಿಲ್ಲ. ಚುಚ್ಚಲೆಂದು ಕೇಳಿದ್ದಲ್ಲ.
ಮೇಷ್ಟ್ರು ಪೆನ್ನಿನ ಮುಚ್ಚಳ ಹುಡುಕತೊಡಗಿದರು,
ಅದು ಪೆನ್ನಿನ ಹಿಂದೆಯೇ ಇತ್ತು.

ನನ್ನ ಹಂಸಿನಿ ಏಳೂಕಾಲಿಗೆ ಹಳದಿ ಬಸ್ಸು ಹತ್ತುತ್ತಾಳೆ,
ಕುದುರೆಯ ಶಾಲೆಗೆ. ಕುದುರೆ ಇನ್ನೂ ಹತ್ತಿಲ್ಲ.
ಅಂಗಡಿಯ ಎರಡು ರೂಪಾಯಿ, ಮೂರು ರೂಪಾಯಿ ಎಲ್ಲ ಅಲ್ಲಿಗೇ.
ಬಾಯಿತಪ್ಪಿ ಆಡಿದ ಮಾತಿಗೆ ಎರಡು ಸಲ ದಂಡವನ್ನೂ ಕಟ್ಟಿದ್ದೇನೆ,
ಚಿಲ್ಲರೆಯಲ್ಲಿ.

ಸಂಜೆ ಬಸ್ಸಿಳಿದು, ಟೈ ಬಿಚ್ಚದೆ, ಅವಳು ಮೆಟ್ಟಿಲ ಮೇಲೆ ಕೂತಳು.
ಯಾ-ತಿಂಗ್ ಬಂದು ಕಾಲಿನಿಂದ ಮೆಟ್ಟಿಲು ತಟ್ಟಿ ತೋರಿಸಿತು: ಇದೆಷ್ಟನೆಯದು?
ಹಂಸಿನಿ "ಫೈ..." ಅಂದವಳು ನಿಲ್ಲಿಸಿದಳು.
ಆ ಕಡೆ ನೋಡಿದಳು, ಈ ಕಡೆ ನೋಡಿದಳು.
ಆಮೇಲೆ ಹೇಳಿದಳು, ಐದು.

ಯಾವ ಶಾಲೆಗೆ ಸೇರಿಸಿದರು ಅಂತ ನನ್ನ ಕೇಳಬೇಡಿ,
ಗಂಡನ ಹತ್ತಿರ ಮಾತಾಡಬೇಕಂತೆ, ಭಾನುವಾರ ಆಗಬೇಕಂತೆ.
ಖಾಲಿ ಅರ್ಜಿ ಕೊಟ್ಟು ಒಂದು ಪ್ರತಿ ಕೇಳಿದಳು.
ಎರಡು ತೆಗೆದೆ.
ಇನ್ನೊಂದು ಗಲ್ಲಾಪೆಟ್ಟಿಗೆಯಲ್ಲಿದೆ, ಮಡಚಿಟ್ಟಿದ್ದೇನೆ,
ಇಟ್ಟಾಗ ಬೆಚ್ಚಗಿತ್ತು.