ನೇರಳೆ

ಔಲು ಊರಿನ ಜನವರಿ. ಮಧ್ಯಾಹ್ನ ಮೂರಕ್ಕೇ
ದೀಪ ಹಚ್ಚಿಕೊಂಡ ಲ್ಯಾಬು.
ಎರಡು ತಟ್ಟೆ ನನ್ನ ಮುಂದೆ, ಅಂಗೈಗಿಂತ ಚಿಕ್ಕವು;
ಯಾರದೋ ಮೂಗಿನೊಳಗಿನ ಜೀವಕೋಶಗಳು
ಗೋಡೆಗೆ ಗೋಡೆ ಅಂಟಿದ ಓಣಿಯಂತೆ
ಒತ್ತಿಕೊಂಡು ಕೂತಿವೆ.

ಹೋದ ಸೋಮವಾರ ಒಂದಕ್ಕೆ ಮಾತ್ರ
ನೆಗಡಿಯ ವೈರಸ್ಸು ಬಿಟ್ಟಿದ್ದೆ.
ಗುರುವಾರ ಎರಡಕ್ಕೂ ಫ್ಲೂ, ಅಳೆದು, ಒಂದೊಂದೇ ಹನಿ.
ಇವತ್ತು ಬಣ್ಣ ಹೊಯ್ದು ತೊಳೆಯುತ್ತೇನೆ:
ಬದುಕಿದ್ದದ್ದು ನೇರಳೆ ಹಿಡಿಯುತ್ತದೆ,
ಸತ್ತ ಜಾಗ ಖಾಲಿ.

ನೆಗಡಿ ಕಾಣದ ತಟ್ಟೆ
ನುಸಿ ತಿಂದ ಉಣ್ಣೆಯ ಕೈಗವಸು.
ನೆಗಡಿ ಹಿಡಿದದ್ದೋ,
ಅಂಚಿನಲ್ಲಿ ಎರಡು ತೂತು, ಉಳಿದದ್ದೆಲ್ಲ ಗಟ್ಟಿ ನೇಯ್ಗೆ.
ಮೂವತ್ತೊಂದು ವರ್ಷ ಈ ಸಿಂಕಿನ ಮುಂದೆ ನಿಂತವಳು,
ಇನ್ನೊಮ್ಮೆ ದೀಪಕ್ಕೆ ಹಿಡಿದು ನೋಡುತ್ತೇನೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ
ಎಂದು ನಗುವವರು ನಗಲಿ.
ಇಲ್ಲಿ ನಡೆದದ್ದು ಅದೇ.
ಮೊದಲ ಕಳ್ಳ ನುಗ್ಗಿದ ಮನೆ
ತಾನು ಉಳಿಯಲಿಲ್ಲ; ಸಾಯುವ ಮುಂಚೆ ಕೂಗಿತು.
ಕೂಗು ಗೋಡೆ ದಾಟಿ ಪಕ್ಕಕ್ಕೆ, ಅಲ್ಲಿಂದ ಆಚೆಗೆ,
ಚಿಲಕ, ಚಿಲಕ, ಚಿಲಕ.
ಮೂರು ದಿನ ತಡವಾಗಿ ಬಂದವನು,
ಇವನಿಗಿಂತ ದೊಡ್ಡ ಕಳ್ಳ,
ಹೇಗೋ ಒಳಗೆ ಕಾಲಿಟ್ಟರೂ
ಒಲೆ ಆರಿಸಿ ಕೂತ ಮನೆಗಳಲ್ಲಿ
ತನ್ನದನ್ನು ಬೇಯಿಸಿಕೊಳ್ಳಲು ಕೆಂಡ ಸಿಗದೆ ನಿಂತ.

ಮನೆಯಲ್ಲಿ ಮೊಮ್ಮಗಳು ಹಿಲ್ಲಾ. ವಾರದಿಂದ ಸುರಿವ ಮೂಗು,
ಒರಸಿ ಒರಸಿ ಒಂದು ತೋಳು ಪೂರ್ತಿ ಬಿರುಸು.
ಮೆಟ್ಟಿಲ ಕೆಳಗಿನ ಮನೆಯಲ್ಲಿ
ರೈಹಾಳ ಮಕ್ಕಳು ಮೂವರೂ ಫ್ಲೂ ಜ್ವರಕ್ಕೆ ಮಲಗಿದ್ದಾರೆ.
ಇವಳು ಅವರೊಂದಿಗೇ ಹಿಮದಲ್ಲಿ ಹೊರಳಿದವಳು;
ಹಣೆ ಮುಟ್ಟಿದರೆ ತಣ್ಣಗಿದೆ.
ಒಳ್ಳೆಯ ನೆಗಡಿ ಎನ್ನುತ್ತೇನೆ, ನನಗೇ ನಗು.
ಹಾಗೆಂದು ಬರೆದಿಡಲಾರೆ. ಮಗು ತಟ್ಟೆಯಲ್ಲ,
ನೆಗಡಿಯಾಗದ ಇನ್ನೊಬ್ಬಳು ಹಿಲ್ಲಾ
ಪಕ್ಕದಲ್ಲಿಟ್ಟು ನೋಡಲು ನನ್ನ ಬಳಿ ಇಲ್ಲ.

ಕೂಗು ಎಷ್ಟು ದಿನ ಕಿವಿಯಲ್ಲಿರುತ್ತದೆ?
ಅದಕ್ಕೂ ತಟ್ಟೆ ಇಟ್ಟು ಕಾದಿದ್ದೇವೆ.
ಹತ್ತು ದಿನ ಕಳೆಯುವ ಹೊತ್ತಿಗೆ
ಒಬ್ಬೊಬ್ಬರಾಗಿ ಚಿಲಕ ತೆಗೆಯುತ್ತಾರೆ;
ಒಲೆ ಹಚ್ಚದೆ ಎಷ್ಟು ದಿನ ಬಾಳುವುದು ಯಾರಾದರೂ?

ಶನಿವಾರ ಹಿಲ್ಲಾಳ ಮೂಗು ಒಣಗುತ್ತದೆ.
ಒಂದು ಬೂಟು ಹಾಕಿ, ಇನ್ನೊಂದು ಕೈಯಲ್ಲಿ ಹಿಡಿದು
ಕೆಳಗಿನ ಮನೆಗೆ ಹೋಗುತ್ತೇನೆಂದು ಕುಣಿಯುವವಳಿಗೆ
ಇವತ್ತು ಬೇಡ ಎನ್ನುತ್ತೇನೆ.
ಯಾಕೆ ಅಜ್ಜಿ? ನನಗೆ ವಾಸಿಯಾಯ್ತಲ್ಲ.
ವಾಸಿಯಾಯ್ತು, ಅದಕ್ಕೇ.
ಅವಳಿಗೆ ಅರ್ಥವಾಗುವುದಿಲ್ಲ. ಬಾಗಿಲ ಮೇಲೆ ನನ್ನ ಕೈ,
ಉಗುರಿನ ಸಂದಿಯಲ್ಲಿ
ತೊಳೆದರೂ ಹೋಗದ ನೇರಳೆ.