ಕಿವಿಯ ತಮಟೆ

ಗ್ರಿಮ್ಸ್‌ಬಿಯ ಆಸ್ಪತ್ರೆ, ಮೂರನೆಯ ಮಹಡಿ.
ಮೊಟ್ಟೆಯ ಟ್ರೇಯಂಥ ಗೋಡೆಗಳ ಪುಟ್ಟ ಕೋಣೆ.
"ಸದ್ದು ಕೇಳಿದಾಗ ಗುಂಡಿ ಒತ್ತಿ, ಮಿಸ್ಟರ್ ಹೆಸ್ಲಪ್,
ಎಷ್ಟೇ ಸಣ್ಣದಿರಲಿ,"
ಎಂದು ಹುಡುಗಿ ಗಾಜಿನಾಚೆ ಹೋಗಿ ಕೂತಳು.
ಇಂಥದೇ ಗಾಜಿನಾಚೆಯಿಂದ ಒಬ್ಬ
ನಲವತ್ತೈದು ವರ್ಷದ ಹಿಂದೆ
"ಇನ್ನೊಮ್ಮೆ, ಸ್ವಲ್ಪ ಮೆಲ್ಲಗೆ" ಅಂದಿದ್ದ.
ಕೇಳಿದ್ದರೆ ಇವತ್ತು ಇಲ್ಲಿರುತ್ತಿರಲಿಲ್ಲ.

ಮೊದಲು ದಪ್ಪ ಸದ್ದುಗಳು.
ನೆವಿಲ್‌ನ ಅಪ್ಪನ ಮೀನಿನ ವ್ಯಾನು
ಬೆಳಗಿನ ಜಾವ ಎರಡಕ್ಕೆ ಗೊರಗೊರ ಏರು ಹತ್ತಿದ ಹಾಗೆ.
ಎಷ್ಟು ಉಜ್ಜಿದರೂ ಹೋಗದ ಕಾಡ್ ಮೀನಿನ ನಾತ;
ಡಾನ್‌ಕಾಸ್ಟರ್‌ನ ಹುಡುಗಿಯರು
ಮೂಗು ಮುಚ್ಚಿಕೊಂಡೇ ಸಹಿ ಕೇಳಿದರು.
ಅಭ್ಯಾಸ, ನೆವಿಲ್‌ನ ಅತ್ತೆಯ ಬಾಡಿಗೆ ಕೋಣೆಯಲ್ಲಿ,
ಶನಿವಾರ ಮಾತ್ರ, ಬಾಡಿಗೆಯವರು ಫುಟ್‌ಬಾಲ್‌ಗೆ ಹೋದಾಗ.
ಅದಕ್ಕೇ ಆ ಹೆಸರು: ಸ್ಯಾಟರ್ಡೇ ಲಾಡ್ಜರ್ಸ್.
ಡೆಸ್ ಹಾಡಿಗೆ, ಗ್ಲೆನಿಸ್ ಕೀಬೋರ್ಡಿಗೆ, ನೆವಿಲ್ ಗಿಟಾರಿಗೆ,
ಗೋಡೆ ಬಡಿಯುವ ಪಕ್ಕದ ಮನೆಯವರಿಗೆ ನಾನು.
ಒತ್ತಿದೆ.

ನಡುವಿನ ಸದ್ದುಗಳು.
ಮ್ಯಾನೇಜರ್ ಕಟ್ಸ್, ನಮ್ಮೆಲ್ಲರ ಕಿವಿಗೆ ಹೂವಿಟ್ಟವನು;
ನಿಜ ಹೇಳಬೇಕೆಂದರೆ
ಫೋಟೋಗಳಲ್ಲಿ ಆ ಹೂವು ಚೆನ್ನಾಗಿಯೇ ಕಾಣುತ್ತಿತ್ತು.
ಬಸ್ಸು ತಪ್ಪಿಸಿಕೊಂಡವನ ಹಾಡು,
ಎರಡು ನಿಮಿಷ ಐವತ್ತೊಂದು ಸೆಕೆಂಡು,
ಏರಿ ಏರಿ ಹದಿನಾಲ್ಕನೆಯ ಸ್ಥಾನಕ್ಕೆ ಬಂದು
ಅಲ್ಲೇ ಏದುಸಿರು ಬಿಟ್ಟಿತು.
ಟಿವಿಯವರು ಕರೆಸಿದರು. ಡ್ರಮ್ಮಿಗೆ ರಬ್ಬರು ಹಾಸಿದರು.
"ಹಾಡು ಟೇಪಿನಲ್ಲಿ ಬರುತ್ತೆ, ನೀವು ಕೈಯಾಡಿಸಿ, ಸಾಕು."
ಇಡೀ ದೇಶ ನನ್ನನ್ನು ನೋಡಿದ್ದು ಆ ಒಂದು ಸಂಜೆ.
ಆ ಸಂಜೆ ನಾನು ಒಂದು ಸದ್ದನ್ನೂ ಮಾಡಲಿಲ್ಲ.
ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡು ಮನೆಗೆ ಬಂದರೆ
ಅಮ್ಮ ಬೀದಿಯವರಿಗೆಲ್ಲ ಹೇಳುತ್ತಿದ್ದಳು:
ನೋಡಿದಿರಾ, ನಮ್ಮ ಆಬ್ರಿ ಎಷ್ಟು ಜೋರು ಬಾರಿಸ್ತಾನೆ!

ಮೂರನೆಯ ರೆಕಾರ್ಡಿನ ಹೊತ್ತಿಗೆ ಯಂತ್ರ ಬಂತು.
ಬಿಸ್ಕತ್ತಿನ ಡಬ್ಬಿಯಷ್ಟು ದೊಡ್ಡದು.
ಕುಡಿಯದು, ಊಟ ಕೇಳದು, ತಾಳ ತಪ್ಪದು.
ನನ್ನ ಕೈಗೊಂದು ಗಿಲಕಿ ಕೊಟ್ಟರು.

ಗ್ಲೆನಿಸ್ ಹಲ್ಲಿನ ಡಾಕ್ಟರನ್ನು ಮದುವೆಯಾಗಿ ಹಲ್‌ಗೆ ಹೋದಳು.
ಡೆಸ್‌ಗೆ ಪಿಟೀಲುಗಳು ಬೇಕಾದವು, ನೆವಿಲ್‌ಗೆ ಬೇಡವಾದವು,
ಶನಿವಾರ ಹುಟ್ಟಿದ ಹೆಸರು
ಒಂದು ಬುಧವಾರ ಕೋರ್ಟಿನಲ್ಲಿ ಎರಡು ಹೋಳಾಯಿತು.
ಬ್ಲ್ಯಾಕ್‌ಪೂಲ್‌ನಲ್ಲಿ ಡೆಸ್‌ನ ಲಾಡ್ಜರ್ಸ್,
ಸ್ಕೆಗ್ನೆಸ್‌ನಲ್ಲಿ ನೆವಿಲ್‌ನ ಲಾಡ್ಜರ್ಸ್.
ಎರಡಕ್ಕೂ ಬಾರಿಸಿದೆ. ಹೊಟ್ಟೆಪಾಡು.
ಶುಕ್ರವಾರ ಅವನು ಕೇಳುವನು, "ಇವನ ಬೆನ್ನುನೋವು ಹೇಗಿದೆ?"
ಶನಿವಾರ ಇವನು, "ಅವನು ಸಿಗರೇಟು ಬಿಟ್ಟನೇ?"
ಹೀಗೆ ಹನ್ನೊಂದು ವರ್ಷ.

ಈಗ ಸಣ್ಣ ಸದ್ದುಗಳು.
ಗಾಜಿನಾಚೆ ಅವಳ ಕೈ ತಿರುಗಣೆ ತಿರುಗಿಸುತ್ತಿದೆ,
ಈಚೆ ಏನೂ ಇಲ್ಲ.
ಕೆಟಲ್ಲಿನ ಶಿಳ್ಳೆ ಇಲ್ಲ, ಕಂಚಿನ ತಟ್ಟೆಯ ತುದಿ ಇಲ್ಲ.
ಕಿವಿಯೊಳಗೂ ಒಂದು ತಮಟೆ ಇರುತ್ತದಂತೆ.
ಹಾಗಾದರೆ ಇಷ್ಟು ವರ್ಷ
ಹೊರಗಿನದು, ಒಳಗಿನೆರಡು, ಒಟ್ಟಿಗೇ ಬಡಿಯುತ್ತಿದ್ದೆ.
ಹೊರಗಿನದಕ್ಕೆ ಹೊಸ ಚರ್ಮ ಅಂಗಡಿಯಲ್ಲಿ ಸಿಗುತ್ತಿತ್ತು.

"ಮೇಲಿನ ಸ್ವರಗಳೇ ಮೊದಲು ಹೋಗುವುದು," ಎಂದಳು.
ಗೊತ್ತು ಮಗೂ. ಡೆಸ್ ಹೋದ ನವೆಂಬರಿನಲ್ಲಿ ಹೋದ.

ಹಾಡಿನ ಮುಂಚೆ ಅವನು ಜನಕ್ಕೆ ಬೆನ್ನು ಮಾಡಿ
ಮೂಗಿನಿಂದೊಂದು ಉಸಿರೆಳೆಯುತ್ತಿದ್ದ.
ಮೈಕಿಗೆ ಸಿಗದ್ದು, ಯಾವ ಟೇಪಿನಲ್ಲೂ ಇಲ್ಲದ್ದು.
ಅದಕ್ಕೆ ನಾನು ಕಡ್ಡಿ ಎತ್ತುತ್ತಿದ್ದೆ.
ಒತ್ತಿದೆ.

"ನಾನೇನೂ ಕಳಿಸಲಿಲ್ಲವಲ್ಲ, ಮಿಸ್ಟರ್ ಹೆಸ್ಲಪ್."
ತಪ್ಪಾಯಿತು ಎಂದೆ.

ಹೊರಗೆ ಬೆಂಚಿನಲ್ಲಿ ನೆವಿಲ್, ಮುಂದಿನ ಸರದಿ ಅವನದು.
"ಹೇಗಾಯ್ತು?" ಎಂದ.
"ಏನು?" ಎಂದೆ.
"ಏನು?" ಎಂದ.
ಆಮೇಲೆ ಎರಡು ಬೆರಳಲ್ಲಿ ನನ್ನ ಮೊಣಕಾಲ ಮೇಲೆ
ಬಸ್ಸಿನ ಹಾಡಿನ ಮೊದಲ ನಾಲ್ಕು ಪೆಟ್ಟು ಹಾಕಿದ.
ಕೊಂಚ ಅವಸರ. ಅವನದು ಯಾವತ್ತೂ ಹಾಗೇ.